ಹಸಿರು ಪೈಪಿನ ಹೊಗೆ

ಬೋಟನ್ನು ನೋಡುವ ಮೊದಲೇ ಅದನ್ನು ಓಡಿಸುವವನು ಕುಡುಕ ಎಂಬ ಸುದ್ದಿ ನನಗೆ ಮುಟ್ಟಿತ್ತು. ಮುಟ್ಟಿಸಿದವರು ಬೋಟಿನ ಮಾಲೀಕರೇ. ಕೃಷ್ಣೆಯ ದಂಡೆಗೆ ಕಬ್ಬು, ಮೇಲಿನ ಮಡ್ಡಿಯಲ್ಲಿ ದ್ರಾಕ್ಷಿ ಬೆಳೆಯುವ ದೊಡ್ಡ ಮನೆತನ ಅವರದು. ಅವರ ಟ್ರ್ಯಾಕ್ಟರುಗಳು, ಹೊಳೆಯ ಪಂಪುಗಳು ಎಲ್ಲ ಕಾಗವಾಡ ರಸ್ತೆಯ ನನ್ನ ಗ್ಯಾರೇಜಿಗೇ ಬರುತ್ತಿದ್ದವು. ಮೇ ತಿಂಗಳ ಒಂದು ಮುಂಜಾನೆ ಫೋನ್ ಮಾಡಿದರು.

“ಮಿಸ್ತ್ರಿ, ನಮ್ಮ ಅಂಬಿಗ ಕುಡದು ಬೋಟ್ ಒಯ್ದು ಉಸುಕಿನ ದಿಬ್ಬಕ್ಕ ಹತ್ತಿಸ್ಯಾನ. ಬುಡಕ ಏನರ ಹರದೈತೇನು ಬಂದು ನೋಡ್ರಿ. ಫ್ಯಾನ್ ಬೆಂಡ್ ಆಗಿದ್ರ ಸುದ್ದ ಮಾಡಿ ಕೊಡ್ರಿ. ಸಾಲಿ ಸೂಟಿ ಮುಗಿಯೂದ್ರೊಳಗ ಬೋಟ್ ನಡೀಬೇಕು.”

ಬೋಟು ನನ್ನ ಕಸುಬಲ್ಲ. ಮಹಾಪೂರ ಬಂದ ವರ್ಷ ಜನರನ್ನು ದಾಟಿಸುತ್ತಿದ್ದ ದೋಣಿಗಳ ಸಣ್ಣ ಮೋಟಾರುಗಳನ್ನು ಬಿಚ್ಚಿ ಕಟ್ಟಿದ್ದೆ, ಅಷ್ಟೇ. ಆದರೂ ಇಂಜಿನ್ ಎಲ್ಲಿದ್ದರೂ ಇಂಜಿನ್ನೇ ಅಲ್ಲವೇ ಎಂದು ಪಾನಾ, ಸುತ್ತಿಗೆ ಇಡುವ ಪೆಟ್ಟಿಗೆ ಎತ್ತಿಕೊಂಡು ಹೊರಟೆ.

ಅದು ಹಳೆಯ ಸ್ಕೀ ಬೋಟು. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಶೋಕಿಯವರನ್ನು ಹಗ್ಗ ಹಾಕಿ ಎಳೆಯಲಿಕ್ಕೆಂದು ಮಾಡಿದ್ದು. ಮಹಾರಾಷ್ಟ್ರದ ಯಾವುದೋ ಹಿನ್ನೀರಿನ ಕ್ಲಬ್ಬು ಬಾಗಿಲು ಹಾಕಿದಾಗ ಮಾಲೀಕರು ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದರು. ನಮ್ಮ ಹೊಳೆಯಲ್ಲಿ ಹಲಗೆ ಕಟ್ಟಿಕೊಂಡು ಜಾರುವವರು ಯಾರಿದ್ದಾರೆ? ಹಗ್ಗ ಕಟ್ಟುವ ಕಂಬಕ್ಕೆ ಭಗವಾ ಧ್ವಜ ಏರಿತು. ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಸೂಟಿಗೆ ಬಂದ ಬೀಗರು, ಫೋಟೋ ತೆಗೆಸಿಕೊಳ್ಳುವ ಮದುಮಕ್ಕಳು ಕೂತು ಒಂದು ಸುತ್ತು ಹೊಡೆದು ಬರುತ್ತಿದ್ದರು. ಬಿಸಿಲಿಗೆಂದು ಮಾಲೀಕರು ಮೇಲೆ ತಾಡಪತ್ರಿಯ ಚಪ್ಪರ ಹಾಕಿಸಿ, ನೀರು ಸಿಡಿಯಬಾರದೆಂದು ಎರಡೂ ಬದಿಗೆ, ಹಿಂದಕ್ಕೆ ಪರದೆ ಇಳಿಬಿಟ್ಟಿದ್ದರು. ನೋಡಲಿಕ್ಕೆ ಮದುವೆಯ ಜೀಪಿನ ಹಾಗಿತ್ತು.

ಇಂಜಿನ್ನು ಬೋಟಿನ ನಟ್ಟನಡುವೆ ಒಂದು ಪೆಟ್ಟಿಗೆಯೊಳಗೆ. ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಓಡಿಸುವವನ ಕುರ್ಚಿ ಆ ಪೆಟ್ಟಿಗೆಗೆ ಅಂಟಿಕೊಂಡೇ ಇತ್ತು.

ಅಂಬಿಗ ಕಾಕಾ ಘಾಟಿನ ಮೇಲಿನ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ಅರವತ್ತರ ಆಜುಬಾಜು, ಬಿಳಿ ಟೊಪ್ಪಿಗೆ, ಕೊರಳಲ್ಲಿ ತುಳಸಿ ಮಾಲೆ. ಮಾಲೆ ಕಂಡು ನನಗೆ ಅಚ್ಚರಿಯಾಯಿತು. ನಮ್ಮ ಕಡೆ ಪಂಢರಪುರಕ್ಕೆ ನಡೆದು ವಾರಿ ಮಾಡುವವರು ಮಾಲೆ ಹಾಕಿಸಿಕೊಂಡ ದಿನವೇ ಮಾಂಸ, ಮದ್ಯ ಬಿಟ್ಟವರು. ಬಿಡಲಾಗದವರು ಮಾಲೆಯನ್ನೇ ಬಿಡುತ್ತಾರೆ. ಎರಡನ್ನೂ ಇಟ್ಟುಕೊಂಡವರನ್ನು ಊರು ಸುಮ್ಮನೆ ಬಿಡುವುದಿಲ್ಲ. ಅದರಲ್ಲೂ ಬೋಟು ಉಸುಕಿಗೆ ಹತ್ತಿದ್ದು ಏಕಾದಶಿಯ ದಿನ. ಉಪವಾಸದ ದಿನ ಕುಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಮಾತು ತೊದಲುತ್ತ, ಜನ ನೋಡುತ್ತಿದ್ದ ಹಾಗೆ ದಂಡೆಯಲ್ಲಿ ವಾಂತಿ ಮಾಡಿದ ಎಂಬುದೇ ಘಾಟಿನ ತುಂಬ ಮಾತು. ಬೋಟಿನಲ್ಲಿದ್ದ ಮಂದಿಗೆ ಏನೂ ಆಗಿರಲಿಲ್ಲ, ಒಬ್ಬ ಹೆಣ್ಣುಮಗಳಿಗೆ ಮಾತ್ರ ತಲೆ ತಿರುಗಿತ್ತು. ಅಂಜಿಕೆಗೆ ಹಾಗಾಯಿತು ಎಂದು ಲಿಂಬೆಹಣ್ಣು ಮೂಸಿಸಿ ಕಳಿಸಿದ್ದರು.

ಬುಡಕ್ಕೆ ಏನೂ ಆಗಿರಲಿಲ್ಲ. ನೀರಿನೊಳಗೆ ತಿರುಗಿ ಬೋಟನ್ನು ನೂಕುವ ಫ್ಯಾನಿನ ಒಂದು ರೆಕ್ಕೆ ಚೂರು ಮಡಚಿತ್ತು. ಬಡಿದು ಸರಿ ಮಾಡಿದೆ. ನೀರಿನಲ್ಲಿ ಓಡಿಸಿ ನೋಡಬೇಕು, ಓಡಿಸುವವರು ಯಾರು? ಕಾಕಾನ ಹೊರತು ಆ ಹೊಳೆಯ ದಿಬ್ಬ, ಮಡು ಬಲ್ಲವರು ಇರಲಿಲ್ಲ. ಕೆಲಸದಿಂದ ತೆಗೆದಿದ್ದ ಮಾಲೀಕರೇ ಮುಖ ತಿರುವಿಕೊಂಡು ಅವರನ್ನು ಕರೆದರು.

“ಇವತ್ತರ ನೆಟ್ಟಗದಿಯೋ ಇಲ್ಲೋ?”

ಕಾಕಾ ಮೆಟ್ಟಿಲಿನಿಂದ ಎದ್ದರು. ಇಳಿದು ಬಂದು ಚಕ್ರ ಹಿಡಿದರು. ಮೊದಲು ಸ್ವಲ್ಪ ಜೋರಾಗಿ ಹೋದೆವು, ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಫ್ಯಾನು ನಡುಗುತ್ತದೆಯೇ ನೋಡಲು ನಿಧಾನ ಹೋಗಬೇಕಿತ್ತು. ಗಾಳಿ ಬೆನ್ನಿಗೆ, ಪರದೆ ಇಳಿದಿದೆ, ನಾನು ಇಂಜಿನ್ ಪೆಟ್ಟಿಗೆಯ ಮೇಲೆ ಕಿವಿಯಿಟ್ಟು ಕೂತಿದ್ದೇನೆ. ಇಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸಣ್ಣ ಸದ್ದು ನಿಲ್ಲದೆ ಬರುತ್ತಿತ್ತು. ಬೋಟಿನ ಹೊಟ್ಟೆಯಲ್ಲಿ ಸೇರಿದ ನೀರನ್ನು ಹೊರಗೆ ಉಗುಳುವ ಪುಟ್ಟ ಪಂಪಿನದು ಅದು. ಬುಡ ಹರಿದಿಲ್ಲ, ಆದರೂ ನೀರು ಎಲ್ಲಿಂದ ಬರುತ್ತಿದೆ ಎಂದು ಯೋಚಿಸುತ್ತಿದ್ದೆ. ಯೋಚನೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಣೆಯ ಎರಡೂ ಬದಿ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ ಆಗತೊಡಗಿತು. ಪಾನಾ ಎತ್ತಿಕೊಳ್ಳಲು ಹೋದೆ, ಕೈ ಪಕ್ಕಕ್ಕೆ ಹೋಯಿತು.

“ಕಾಕಾ, ಹೊಳ್ಳಸ್ರಿ” ಎಂದೆ. ಅವರೂ ಬೆವರುತ್ತಿದ್ದರು.

ಘಾಟಿಗೆ ಬಂದು ಇಳಿಯುವಾಗ ನನ್ನ ಮೊಣಕಾಲು ಮಡಚಿಕೊಂಡವು. ಮೆಟ್ಟಿಲು ಎರಡೆರಡಾಗಿ ಕಂಡಿತು. ಹೊಳೆಯಲ್ಲಿ ಬೀಳಬೇಕಾದವನನ್ನು ಕಾಕಾ ತೋಳು ಹಿಡಿದು ನಿಲ್ಲಿಸಿದರು. ಮೇಲೆ ಕೂತ ಮಂದಿ ಗೊಳ್ಳೆಂದು ನಕ್ಕರು.

“ಮಿಸ್ತ್ರಿಗೂ ಕುಡಿಸ್ಯಾನಲೇ ಅಂಬಿಗ! ಹೊಳ್ಯಾಗ ಬಾಟ್ಲಿ ಮುಚ್ಚಿಟ್ಟಾನ ಕಾಣತೈತಿ!”

ನಾನು ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಅಪ್ಪನನ್ನು ನೋಡಿಯೇ ಸಾಕಾಗಿತ್ತು. ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡೆ. ಮೈಯೆಲ್ಲ ಉರಿಯಿತು, ತಲೆನೋವಿಗಲ್ಲ, ಆ ನಗುವಿಗೆ. ಒಂದು ಸಲದ ನಗು ನನಗೆ ಇಷ್ಟು ಚುಚ್ಚಿದರೆ, ಏಕಾದಶಿಯಿಂದ ಇದನ್ನೇ ಕೇಳುತ್ತ ಕೂತಿರುವ ಈ ಮನುಷ್ಯನಿಗೆ ಹೇಗಾಗಿರಬೇಡ?

ತಲೆ ತಿಳಿಯಾಗುತ್ತ ಬಂದಂತೆ ಹಳೆಯದೊಂದು ನೆನಪಾಯಿತು. ಕರೆಂಟು ಸರಿಯಾಗಿ ಇಲ್ಲದ ಕಾಲದಲ್ಲಿ ನಮ್ಮ ಕಡೆ ಡೀಸೆಲ್ ಇಂಜಿನ್ನುಗಳನ್ನು ಬಾವಿಯೊಳಗೆ ಕಟ್ಟೆ ಕಟ್ಟಿ ಇಳಿಸಿ ಇಡುತ್ತಿದ್ದರು. ಹೊಗೆ ಬಾವಿಯಲ್ಲೇ ತುಂಬಿಕೊಳ್ಳುತ್ತಿತ್ತು. ಇಂಜಿನ್ ಬಂದ್ ಮಾಡಲು ಇಳಿದವನು ಮೇಲೆ ಬರುತ್ತಿರಲಿಲ್ಲ. ಅವನನ್ನು ನೋಡಲು ಇಳಿದ ಅಣ್ಣನೂ ಬರುತ್ತಿರಲಿಲ್ಲ. ದೆವ್ವ ಎಳೆಯಿತು ಎನ್ನುತ್ತಿದ್ದರು. ದೆವ್ವವಲ್ಲ, ಸೈಲೆನ್ಸರಿನ ಗ್ಯಾಸು. ಅದಕ್ಕೆ ಬಣ್ಣವಿಲ್ಲ, ಅದರ ವಿಷಕ್ಕೆ ಬೇರೆ ವಾಸನೆಯೂ ಇಲ್ಲ. ಮೊದಲು ತಲೆ ಹಿಡಿಯುತ್ತದೆ, ಮಾತು ತೊದಲುತ್ತದೆ, ವಾಂತಿ ಬರುತ್ತದೆ. ಆಮೇಲೆ ನಿದ್ದೆ. ಹೊಟ್ಟೆ ಖಾಲಿ ಇದ್ದ ಏಕಾದಶಿಯ ದಿನ ಕಾಕಾ ಆ ಪೆಟ್ಟಿಗೆಯ ಪಕ್ಕದಲ್ಲಿ ಇಡೀ ದಿನ ಕೂತಿದ್ದರು.

ಎದ್ದು ಹೋಗಿ ಪರದೆ ಕಿತ್ತೆಸೆದೆ. ಹಿಂದಿನ ಸೀಟು ಬಿಚ್ಚಿ, ತಳದ ಹಲಗೆ ಎತ್ತಿದೆ. ಎತ್ತಿದವನು ಹಾಗೇ ಕೂತುಬಿಟ್ಟೆ.

ಇಂತಹ ಬೋಟಿನ ಹೊಗೆ ಟ್ರ್ಯಾಕ್ಟರಿನ ಹಾಗೆ ಮೇಲಕ್ಕೆ ಹೋಗುವುದಿಲ್ಲ. ಇಂಜಿನ್ನಿನ ಎರಡೂ ಬದಿಗೆ ಎರಕದ ದಪ್ಪ ಕೊಳವೆ ಇರುತ್ತದೆ, ಅದೇ ಮ್ಯಾನಿಫೋಲ್ಡು. ಅದರ ತುದಿಗೆ ಮೇಲೆದ್ದು ಬಾಗಿದ ಮೊಣಕೈ. ಹೊಳೆಯಿಂದ ಎಳೆದ ನೀರು ಇಂಜಿನ್ ತಂಪು ಮಾಡಿ, ಕೊನೆಗೆ ಆ ಮೊಣಕೈಯಲ್ಲಿ ಹೊಗೆಯೊಳಗೆ ಸುರಿಯುತ್ತದೆ. ಬೆಂಕಿಯಂತಹ ಹೊಗೆ ಅಲ್ಲಿ ತಣ್ಣಗಾಗಿ, ನೀರಿನ ಜೊತೆ ರಬ್ಬರು ಪೈಪಿನಲ್ಲಿ ಹಲಗೆಯ ಕೆಳಗೇ ಸಾಗಿ ಹಿಂದೆ ಹೊಳೆಗೆ ಬೀಳುತ್ತದೆ. ರಬ್ಬರೆಂದರೆ ಒಳಗೆ ತಂತಿ ಇರುವ, ಇದಕ್ಕೆಂದೇ ಮಾಡಿದ ರಬ್ಬರು.

ಇಲ್ಲಿ ರಬ್ಬರು ಇರಲಿಲ್ಲ. ನಮ್ಮ ಹೊಳೆಯ ದಂಡೆಯ ಎಲ್ಲ ಪಂಪುಸೆಟ್ಟಿಗೂ ನೀರೆಳೆಯಲು ಹಾಕುವ ಹಸಿರು ಪ್ಲಾಸ್ಟಿಕ್ ಸಕ್ಷನ್ ಪೈಪು ಇತ್ತು. ಜಾಯಿಂಟಿಗೆ ಸೈಕಲ್ ಟ್ಯೂಬು ಸೀಳಿ, ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ಪಂಪಿಗಾದರೆ ಅದು ಬಂಗಾರದಂತಹ ಕೆಲಸ. ನಾನೇ ನೂರಾರು ಕಡೆ ಸುತ್ತಿದ್ದೇನೆ. ಇಲ್ಲಿ ಬಿಸಿಗೆ ಪೈಪು ಬೆಂದು ಜೋತು ಬಿದ್ದಿತ್ತು. ಬಲಗಡೆಯ ಜಾಯಿಂಟು ಸಡಿಲಾಗಿ, ಪುಟ್ಟ ಪಂಪು ಉಗುಳುತ್ತಿದ್ದ ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಎಡಗಡೆಯದು ಕರಗಿ, ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹಿಂದೆ ಹೊಳೆಗೆ ಹೋಗಬೇಕಾದ ಹೊಗೆ ಹಲಗೆಯ ಸಂದಿನಿಂದ ಕಾಕಾನ ಕಾಲ ಬುಡಕ್ಕೆ ಬರುತ್ತಿತ್ತು. ಮೇಲೆ ಚಪ್ಪರ, ಸುತ್ತ ಪರದೆ. ಬಾವಿಗೂ ಇದಕ್ಕೂ ಏನು ಫರಕು?

ಮಾಲೀಕರನ್ನು ಕರೆದು ತೋರಿಸಿದೆ.

“ಇದ ಯಾರ ಹಾಕಿದ್ರೀ?”

“ನಮ್ಮ ಪಂಪಿನ ಹುಡುಗೂರ. ಹ್ವಾದ ಮಳಿಗಾಲದಾಗ ಹಳಿ ಪೈಪ್ ಸುಟ್ಟಿತ್ತು. ಬೋಟಿನ ಪೈಪ್ ಹುಡುಕೋತ ಯಾರ ಅಡ್ಡಾಡ್ತಾರ? ಹೊಳಿ ನೀರ ಎತ್ತಾಕ ನಡೀತೈತಿ, ಇದಕ್ಕ್ಯಾಕ ನಡ್ಯಾಂಗಿಲ್ಲ?”

“ಅದರಾಗ ತಣ್ಣೀರ ಬರತೈತ್ರಿ ಮಾಲಕ್ರ. ಇದರಾಗ ಬೆಂಕಿ ಬರತೈತಿ. ಅಂಬಿಗ ಕಾಕಾ ಕುಡದಿಲ್ಲ. ಅವರಿಗೆ ಈ ಗ್ಯಾಸ್ ಏರೈತಿ. ನಂಗೂ ಈಗ ಏರಿತ್ತಲ್ಲ, ನೀವ ನೋಡಿದ್ರಿ.”

ಮಾಲೀಕರು ಪೈಪನ್ನು ಕಾಲಿನಿಂದ ಒತ್ತಿ ನೋಡಿದರು. “ಹೊಸಾ ಸಕ್ಷನ್ ಪೈಪ್ ಗೋದಾಮಿನ್ಯಾಗ ಬಿದ್ದೈತಿ. ಹಾಕಿಬಿಡ್ರಿ. ಐತವಾರಕ್ಕ ಮಂದಿ ಬರಾವ್ರ ಅದಾರ.”

ಅಲ್ಲೇ ಪೆಟ್ಟಿಗೆ ಮುಚ್ಚಿ ಹೊರಡಬೇಕು ಅನ್ನಿಸಿತು. ಹೊರಟರೆ ಪಂಪಿನ ಹುಡುಗರು ಸಾಯಂಕಾಲದೊಳಗೆ ಮತ್ತೆ ಹಸಿರು ಪೈಪು, ಮತ್ತೆ ಸೈಕಲ್ ಟ್ಯೂಬು ಸುತ್ತಿ ಮುಗಿಸುತ್ತಿದ್ದರು. ಹೊಗೆಯ ದಾರಿ ಇಂಜಿನ್ನಿನಿಂದ ಹೊಳೆಯ ತನಕ ಪೂರ್ತಿ ಹೊಸದಾಗಬೇಕು, ಇಲ್ಲವಾದರೆ ಬೋಟು ನೀರಿಗೆ ಇಳಿಯಬಾರದು ಎಂದು ಹಟ ಹಿಡಿದೆ. ಮಂದಿಯನ್ನು ಕೂಡಿಸಿಕೊಂಡು ಏನಾದರೂ ಆದರೆ ಪೊಲೀಸರು ಕುಡಿದವನನ್ನಲ್ಲ, ಮಾಲೀಕನನ್ನು ಕೇಳುತ್ತಾರೆ ಎಂದ ಮೇಲೆ ಅವರು ಒಪ್ಪಿದರು. ಕಾಕಾನ ಹೆಸರು ಹೇಳಿದಾಗ ಒಪ್ಪಿರಲಿಲ್ಲ.

ಬೋಟನ್ನು ಟ್ರಾಲಿಯ ಮೇಲೆ ಎಳೆಸಿ ಮಾಲೀಕರ ತೋಟದ ಶೆಡ್ಡಿಗೆ ಒಯ್ದೆವು, ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡು. ಮರುದಿನ ನಾನು ಹೋಗುವಷ್ಟರಲ್ಲಿ ಕಾಕಾ ಅಲ್ಲಿ ಬಂದು ಕೂತಿದ್ದರು. ಯಾರೂ ಕರೆದಿರಲಿಲ್ಲ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಯಾವುದು ಎಲ್ಲಿಯದೋ ಹಾಗೇ ಗೋಣಿಯ ಮೇಲೆ ಜೋಡಿಸುತ್ತಿದ್ದರು. ಮಾತು ಕಡಿಮೆ. ಮೊದಲ ದಿನ ಒಂದೇ ಮಾತು ಕೇಳಿದರು.

“ಮಿಸ್ತ್ರಿ, ದಿಂಡಿ ಹೊಂಡೂದ್ರೊಳಗ ಇದು ಮುಗೀತೈತೇನು?”

ನಾನು ವಿಚಾರಿಸಿದ ಮೇಲೆ ತಿಳಿಯಿತು. ಆಷಾಢಿ ಏಕಾದಶಿಗೆ ಆ ಊರಿನಿಂದ ಪಂಢರಪುರಕ್ಕೆ ದಿಂಡಿ, ಭಜನೆಯ ಮಂದಿಯ ಮೇಳ, ನಡೆದು ಹೋಗುತ್ತದೆ. ದಿಂಡಿಯ ನಡುವೆ ವೀಣೆ ಹಿಡಿದು ನಡೆಯುವವರು ಒಬ್ಬರು. ವೀಣೆ ನೆಲಕ್ಕೆ ತಾಗುವಂತಿಲ್ಲ. ಎಲ್ಲರೂ ವೀಣೆಯವರ ಕಾಲು ಮುಟ್ಟಿಯೇ ಮುಂದೆ ಹೆಜ್ಜೆ ಇಡುತ್ತಾರೆ, ಸಾವುಕಾರನಿರಲಿ, ಕೂಲಿಯವನಿರಲಿ. ಅವರಪ್ಪ ಹೋದ ಮೇಲೆ ಆ ವೀಣೆ ಕಾಕಾನ ಕೊರಳಿಗೆ ಬಂದಿತ್ತು. ಏಕಾದಶಿಯ ಮರುದಿನ ಭಜನೆ ನಡೆಸುವ ಮಹಾರಾಜರು ಎಲ್ಲರ ಎದುರು ಅದನ್ನು ಇಳಿಸಿಕೊಂಡು ವಿಠ್ಠಲನ ಗುಡಿಯ ಗೂಟಕ್ಕೆ ತೂಗುಹಾಕಿದ್ದರು. ಬೋಟಿನ ನೌಕರಿ ಹೋದದ್ದಕ್ಕೆ ಕಾಕಾ ಒಂದು ಸಲವೂ ಕೊರಗಲಿಲ್ಲ. ಅವರಿಗೆ ಬೇಕಾದದ್ದು ಇಷ್ಟೇ: ದಿಂಡಿ ಹೊರಡುವ ಮೊದಲು ತಾನು ಕುಡಿದಿರಲಿಲ್ಲ ಎಂಬುದು ಊರಿಗೆ ಗೊತ್ತಾಗಬೇಕು.

“ಮುಗಸ್ತೇನ್ರಿ ಕಾಕಾ” ಎಂದೆ. ಅಷ್ಟು ಧೈರ್ಯದಿಂದ ಹೇಳಬಾರದಿತ್ತು.

ಮ್ಯಾನಿಫೋಲ್ಡಿನ ಬೋಲ್ಟುಗಳು ತುಕ್ಕು ಹಿಡಿದು ತಲೆಗೆ ಮೈಗೆ ಒಂದೇ ಆಗಿದ್ದವು. ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದೆ, ಬಿಸಿ ಕೊಟ್ಟೆ, ಸುತ್ತಿಗೆಯಿಂದ ತಟ್ಟಿದೆ. ಬಲಗಡೆಯವು ಬಂದವು. ಎಡಗಡೆಯ ಎರಡು ಒಳಗೇ ಮುರಿದವು. ಮುರಿದ ಬೋಲ್ಟನ್ನು ನಟ್ಟನಡುವೆ ಕೊರೆದು ತೆಗೆಯುವುದೆಂದರೆ ಉಸಿರು ಹಿಡಿದು ಮಾಡುವ ಕೆಲಸ. ಡ್ರಿಲ್ಲು ಕೂದಲೆಳೆ ಸರಿದರೆ ಇಂಜಿನ್ನಿನ ತಲೆಯೇ ಹಾಳು. ಒಂದನ್ನು ತೆಗೆದೆ. ಇನ್ನೊಂದರಲ್ಲಿ ಡ್ರಿಲ್ಲಿನ ಬಿಟ್ಟೇ ಮುರಿದು ಕೂತಿತು. ಯಾರ್ಯಾರ ತಾಯಿ ತಂದೆಯನ್ನು ಅವತ್ತು ನೆನೆದೆನೋ ದೇವರಿಗೇ ಗೊತ್ತು. ಕಾಕಾ ಕಿವಿ ಕೇಳಿಸದವರ ಹಾಗೆ ನಟ್ಟು ತಿಕ್ಕುತ್ತ ಕೂತಿದ್ದರು. ಕೊನೆಗೆ ಮುರಿದ ತುದಿಯ ಮೇಲೊಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಆ ಬಿಸಿಯಲ್ಲೇ ತಿರುಗಿಸಿದಾಗ ಕಿರ್ ಎಂದು ಹೊರಬಂತು.

ಎಡಗಡೆಯ ಮೊಣಕೈ ಬಿಚ್ಚಿದಾಗ ಮೂಲ ರೋಗ ಕಂಡಿತು. ನೀರು ಹೋಗುವ ದಾರಿಯಲ್ಲಿ ಹೊಳೆಯ ಮೆಕ್ಕಲು ಮಣ್ಣು, ತುಕ್ಕು ಕೂಡಿ ಇಟ್ಟಂಗಿಯಾಗಿ ಕೂತಿದ್ದವು. ಪೂರ ಬಂದಾಗ ರಾಡಿ ನೀರಿನಲ್ಲಿ ಬೋಟು ಓಡಿಸಿ, ಆಮೇಲೆ ಒಳಗೆ ತಿಳಿನೀರು ಬಿಟ್ಟು ತೊಳೆಯದೆ ಹಾಗೇ ನಿಲ್ಲಿಸಿದ್ದರು. ಎಡಗಡೆಯ ಹೊಗೆಗೆ ಹನಿ ನೀರೂ ಬೀಳುತ್ತಿರಲಿಲ್ಲ. ಮೊದಲಿನ ರಬ್ಬರು ಸುಟ್ಟದ್ದು ಅದಕ್ಕೇ. ಅದಕ್ಕೆ ಮದ್ದು ಮಾಡುವುದು ಬಿಟ್ಟು ಹಸಿರು ಪೈಪು ತೊಡಿಸಿದ್ದರು. ಇನ್ನು ಮ್ಯಾನಿಫೋಲ್ಡು ಉಳಿದಿದೆಯೇ ನೋಡಬೇಕಿತ್ತು. ಬಾಯಿಗಳನ್ನು ಮುಚ್ಚಿ, ನೀರಿನ ಹೊಟ್ಟೆಗೆ ಸೀಮೆಎಣ್ಣೆ ತುಂಬಿ ಇಟ್ಟೆ. ಮರುದಿನ ಎಣ್ಣೆ ಒಂದು ಬೆರಳೂ ಇಳಿದಿರಲಿಲ್ಲ. ಬಿರುಕಿಲ್ಲ. ಆ ಕೆಲಸದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ ಅದು.

ಮೊಣಕೈಗಳು ಮಾತ್ರ ಹೋಗಿದ್ದವು. ಆ ಹಳೆಯ ಮಾಡೆಲ್ಲಿನದು ಇಲ್ಲೆಲ್ಲೂ ಸಿಗುವ ಮಾತಿಲ್ಲ. ಗೋವಾದಲ್ಲಿ ಮೀನುಗಾರರ ಬೋಟಿನ ಸಾಮಾನು ಮಾರುವ ಅಂಗಡಿಯವರನ್ನು ಫೋನಿನಲ್ಲಿ ಹಿಡಿದೆ. ತಂತಿಯ ರಬ್ಬರು ಪೈಪು, ಸ್ಟೀಲಿನ ಕ್ಲಿಪ್ಪು, ಹಿಂದಿನ ಬಾಯಿಗೆ ತೆರೆ ನುಗ್ಗದಂತೆ ತಡೆಯುವ ರಬ್ಬರು ಮುಚ್ಚಳ ಕಳಿಸಲು ಒಪ್ಪಿದರು. ಮೊಣಕೈ ಮಾತ್ರ ನೀವೇ ಮಾಡಿಸಿ, ಸ್ಟೀಲಿನದು ಮಾಡಿಸಿ ಎಂದರು. ಕಾಗವಾಡದ ಹತ್ತಿರ ಸಕ್ಕರೆ ಕಾರ್ಖಾನೆಗಳ ರಸದ ಪೈಪು ಕಟ್ಟುವ ವೆಲ್ಡರ್ ಒಬ್ಬ ಗುರುತಿನವನು. ಕಬ್ಬಿನ ಹಂಗಾಮು ಮುಗಿದಿದ್ದರಿಂದ ಪುರುಸೊತ್ತಿನಲ್ಲಿದ್ದ. ಒಳಗೆ ಹೊಗೆಯ ಕೊಳವೆ, ಅದರ ಮೇಲೆ ನೀರಿನ ಹೊದಿಕೆ, ತುದಿಯಲ್ಲಿ ನೀರು ಸಿಡಿಯಲು ಸುತ್ತ ತೂತು. ಹಳೆಯದನ್ನು ಎದುರಿಗಿಟ್ಟುಕೊಂಡು ಎರಡು ಮಾಡಿಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಹೊಳಪು ನೋಡಿ ಮೋಸ ಹೋದೆ. ಎಲ್ಲ ಜೋಡಿಸಿ, ಬೋಟಿನ ನೀರೆಳೆಯುವ ಪೈಪನ್ನು ಡ್ರಮ್ಮಿಗೆ ಇಳಿಬಿಟ್ಟು ಶೆಡ್ಡಿನ ಬಾಗಿಲಲ್ಲೇ ಇಂಜಿನ್ ಚಾಲೂ ಮಾಡಿದೆ. ಹಿಂದೆ ಹೊಗೆ, ನೀರು ಒಟ್ಟಿಗೆ ಬಂದವು. ಕಾಕಾನ ಮುಖದಲ್ಲಿ ಮೊದಲ ಸಲ ನಗು ಕಂಡೆ. ಬಂದ್ ಮಾಡಿ, ಮತ್ತೆ ಚಾಲೂ ಮಾಡಹೋದರೆ ಇಂಜಿನ್ ಗಕ್ಕೆಂದು ನಿಂತಿತು. ಪ್ಲಗ್ಗುಗಳನ್ನು ಬಿಚ್ಚಿ ತಿರುಗಿಸಿದಾಗ ಒಂದು ಸಿಲಿಂಡರಿನಿಂದ ನೀರು ಪಿಚಕಾರಿಯಂತೆ ಹಾರಿತು. ಮೊಣಕೈಯ ಎತ್ತರ ಸಾಲದಾಗಿತ್ತು. ನೀರು ಸಿಡಿಯುವ ತೂತುಗಳು ಬಾಗಿನ ನೆತ್ತಿಗೆ ತೀರ ಹತ್ತಿರ ಬಿದ್ದಿದ್ದವು. ಇಂಜಿನ್ ನಿಂತ ಕೂಡಲೇ ಉಳಿದ ನೀರು ಹಿಂದೆ ಇಳಿಯುವ ಬದಲು ಒಳಕ್ಕೆ ಇಳಿದಿತ್ತು.

ಸಿಲಿಂಡರು ಒಣಗಿಸಿ, ಎಣ್ಣೆ ಬಿಟ್ಟು ತಿರುಗಿಸಿ, ಮೊಣಕೈ ಬಿಚ್ಚಿಕೊಂಡು ಮತ್ತೆ ಕಾಗವಾಡಕ್ಕೆ ಹೋದೆ. ನಾಲ್ಕು ಬೆರಳು ಎತ್ತರ ಏರಿಸಿ, ತೂತುಗಳನ್ನು ಇಳಿಜಾರಿನ ಕೆಳಗೆ ತಂದು ಮಾಡಿಸಿದೆ. ಅಷ್ಟರಲ್ಲಿ ಊರಿನಲ್ಲಿ ದಿಂಡಿಯ ತಯಾರಿ ಶುರುವಾಗಿತ್ತು. ಸಾಯಂಕಾಲ ಶೆಡ್ಡಿನ ತನಕ ತಾಳದ ಸದ್ದು ಬರುತ್ತಿತ್ತು. ಆಗೆಲ್ಲ ಕಾಕಾ ಸೀಮೆಎಣ್ಣೆಯ ಡಬ್ಬಿ ಎತ್ತಿಕೊಂಡು ಶೆಡ್ಡಿನ ಇನ್ನೊಂದು ತುದಿಗೆ ಹೋಗಿಬಿಡುತ್ತಿದ್ದರು.

ಎರಡನೆಯ ಸಲ ಅವಸರ ಮಾಡಲಿಲ್ಲ. ಗ್ಯಾಸ್ಕೆಟ್ಟಿನ ಮುಖ ಗಾಜಿನ ಮೇಲೆ ಉಜ್ಜಿ ಸಮ ಮಾಡಿದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸರದಿಯಂತೆ ಬಿಗಿದೆ. ರಬ್ಬರು ಪೈಪು ಮೊಣಕೈಯಿಂದ ಹಿಂದಿನ ಬಾಯಿಯ ತನಕ ಎಲ್ಲೂ ಜೋತು ಬೀಳದೆ ಇಳಿಜಾರಾಗಿ ಹೋಗುವಂತೆ ಕೆಳಗೆ ಆನಿಕೆ ಕೊಟ್ಟೆ. ಪ್ರತಿ ಜಾಯಿಂಟಿಗೆ ಎರಡು ಕ್ಲಿಪ್ಪು. ಇಂಜಿನ್ ಚಾಲೂ ಮಾಡಿ, ಪಂಕ್ಚರು ನೋಡುವ ಹಾಗೆ ಎಲ್ಲ ಜಾಯಿಂಟಿಗೂ ಸಾಬೂನು ನೀರು ಹಚ್ಚಿದೆ. ಗುಳ್ಳೆ ಏಳಲಿಲ್ಲ. ರಬ್ಬರಿನ ಮೇಲೆ ಅಂಗೈ ಇಟ್ಟೆ, ಇಟ್ಟೇ ಇರುವಷ್ಟು ತಣ್ಣಗಿತ್ತು. ನಿಲ್ಲಿಸಿ, ಚಾಲೂ ಮಾಡಿ, ಮತ್ತೆ ನಿಲ್ಲಿಸಿ ನೋಡಿದೆ. ಒಳಗೆ ಹನಿ ನೀರು ಇಳಿಯಲಿಲ್ಲ.

ಹೊಳೆಯಲ್ಲಿ ನೋಡುವಾಗ ವಿಷದ ಗ್ಯಾಸು ಬಂದರೆ ಕಿರುಚುವ ಸಣ್ಣ ಯಂತ್ರವೊಂದನ್ನು ಮೊಬೈಲಿನಲ್ಲಿ ತರಿಸಿಕೊಂಡಿದ್ದೆ. ಕಾಕಾನ ಕುರ್ಚಿಯ ಬುಡಕ್ಕೆ ಅದನ್ನು ಕಟ್ಟಿ, ನಿಧಾನವಾಗಿ, ಗಾಳಿ ಬೆನ್ನಿಗಿಟ್ಟುಕೊಂಡು ಹೊತ್ತು ಇಳಿಯುವ ತನಕ ತಿರುಗಿದೆವು. ಯಂತ್ರ ಸುಮ್ಮನಿತ್ತು. ಆಮೇಲೆ ಬೇಕೆಂದೇ, ಕಿತ್ತಿದ್ದ ಪರದೆಗಳನ್ನು ಮತ್ತೆ ಕಟ್ಟಿ ನೋಡಿದೆ. ಸ್ವಲ್ಪ ಹೊತ್ತಿಗೆ ಕಿರುಚಿತು. ಪೈಪು ಸರಿಯಿದ್ದರೂ ಹಿಂದೆ ಬಿಟ್ಟ ಹೊಗೆಯನ್ನು ಆ ಚಪ್ಪರ ತನ್ನೊಳಗೇ ಎಳೆದುಕೊಳ್ಳುತ್ತಿತ್ತು. ಪರದೆ ಎತ್ತಿದ ಮೇಲೆ ಸುಮ್ಮನಾಯಿತು. ಕಾಕಾ ಇಂಜಿನ್ ನಿಲ್ಲಿಸಿ, ಹೊಳೆಯ ನೀರು ಬೊಗಸೆಯಲ್ಲಿ ತೆಗೆದು ಮುಖ ತೊಳೆದುಕೊಂಡರು.

“ತಲಿ ಹಗರ ಐತಿ ಮಿಸ್ತ್ರಿ” ಎಂದರು. ಅಷ್ಟು ದಿನದ ದುಡಿಮೆಗೆ ನನಗೆ ಆ ಮಾತು ಸಾಕಾಗಿತ್ತು.

ಮಾಲೀಕರಿಗೆ ಬೋಟು ಒಪ್ಪಿಸುವಾಗ ಎರಡು ಮಾತು ಹೇಳಿದೆ: ಪರದೆ ಇನ್ನು ಹಾಕಬಾರದು, ಕಾಕಾನನ್ನು ಕರೆದು ಊರಿನ ಎದುರು ನಿಜ ಹೇಳಬೇಕು. ಅವರು ಚಹಾ ತರಿಸಿದರು. ಚಹಾ ಮುಗಿಯುವ ತನಕ ದ್ರಾಕ್ಷಿಯ ಮಾತಾಡಿದರು.

“ಮಿಸ್ತ್ರಿ, ಕೆಲಸಾ ಝಕಾಸ್ ಆಗೈತಿ. ಆದ್ರ ಒಂದ್ ತಿಳ್ಕೋರಿ. ಬೋಟಿನ್ಯಾಗ ವಿಷಾ ಬರತಿತ್ತು ಅಂತ ಹೇಳಿದ್ರ ನಾಳಿ ಯಾರರ ಹತ್ತತಾರೇನು? ಆವತ್ತ ತಲಿ ತಿರಗಿದಾಕಿ ಮನ್ಯಾವ್ರು ನನ್ನ ಕೊರಳ ಹಿಡಿಯಾಂಗಿಲ್ಲೇನು? ಸರ್ವಿಸ್ ಮಾಡ್ಸೀವಿ ಅನ್ನೂಣು. ನನ್ನ ತಂಗಿ ಮಗ ಓಡಸ್ತಾನ.”

“ಮತ್ತ ಕಾಕಾ?”

“ಅವನ್ನ ಯಾರ ಜೇಲಿಗೆ ಹಾಕ್ಯಾರ? ನಾಕ್ ದಿನ ಮಂದಿ ಅಂತಾರ, ಆಮ್ಯಾಲ ಮರೀತಾರ.” ಆಮೇಲೆ ದನಿ ತಗ್ಗಿಸಿದರು. “ನಮ್ಮ ಟ್ರ್ಯಾಕ್ಟರ್ ಎಲ್ಲಾ ನಿಮ್ಮ ಕಡೀನ ಬರತಾವಲ್ಲ?”

ನಾನು ಎದ್ದು ಶೆಡ್ಡಿಗೆ ಹೋದೆ. ಕರಗಿದ ಹಸಿರು ಪೈಪು ಗುಜರಿಯ ರಾಶಿಯಲ್ಲಿ ಬಿದ್ದಿತ್ತು. ಎತ್ತಿ ಗಾಡಿಯ ಹಿಂದೆ ಕಟ್ಟಿದೆ. ದೊಡ್ಡ ಗಿರಾಕಿ ಕೈಬಿಟ್ಟು ಹೋಗುತ್ತದೆ ಎಂದು ಗೊತ್ತಿತ್ತು. ಆದರೂ ಗಾಡಿ ಚಾಲೂ ಮಾಡಿದೆ. ಸೀದಾ ಘಾಟಿನ ಮೇಲಿನ ವಿಠ್ಠಲನ ಗುಡಿಗೆ ಹೋದೆ. ಭಜನೆ ಮುಗಿದು ಮಂದಿ ದಿಂಡಿಯ ಮಾತಾಡುತ್ತ ಕೂತಿದ್ದರು. ಕಾಕಾ ಹೊರಗೆ, ಪಾದರಕ್ಷೆ ಬಿಡುವ ಜಾಗದ ಹತ್ತಿರ ಕೂತಿದ್ದರು.

ಪೈಪನ್ನು ಮಹಾರಾಜರ ಎದುರು ಹಾಸುಗಲ್ಲಿನ ಮೇಲೆ ಇಟ್ಟೆ. ಮಾತು ಬರದವನು ನಾನು, ಅವತ್ತು ಹೇಗೆ ಬಂತೋ. ಬಾವಿಯ ಇಂಜಿನ್ನಿನ ಕಥೆ ಹೇಳಿದ ಕೂಡಲೇ ಮುದುಕರೆಲ್ಲ ತಲೆ ಅಲ್ಲಾಡಿಸಿದರು. ಅವರ ಮನೆಗಳಲ್ಲೂ ಅಂತಹ ಸಾವುಗಳಾಗಿದ್ದವು. ಪೈಪಿನ ಬಾಯಿ ತೋರಿಸಿದೆ. ನಾನು ಘಾಟಿನಲ್ಲಿ ತೂರಾಡಿದ್ದು ನೆನಪಿದೆಯಲ್ಲ, ನಕ್ಕಿರಲ್ಲ, ಅವತ್ತು ನಾನು ಎಷ್ಟು ಕುಡಿದಿದ್ದೆ ಎಂದು ಕೇಳಿದೆ. ಒಬ್ಬರು ಎದ್ದು ಬಂದು ಪೈಪು ಎತ್ತಿ ಮೂಗಿಗೆ ಹಿಡಿದರು. ಇನ್ನೊಬ್ಬರು ಇಸಿದುಕೊಂಡರು. ಸುಟ್ಟ ವಾಸನೆ ಇನ್ನೂ ಹೋಗಿಲ್ಲ ಎಂದು ಒಬ್ಬರಿಗೊಬ್ಬರು ಹೇಳುತ್ತ, ಕೈಯಿಂದ ಕೈಗೆ ದಾಟಿಸುತ್ತ ಎಲ್ಲರೂ ಮೂಸಿದರು. ಮಹಾರಾಜರೂ ಮೂಸಿದರು.

ಮೂಸಿ, ಪೈಪನ್ನು ಹಾಸುಗಲ್ಲಿನ ಮೇಲೆ ಇಟ್ಟರು. ಆಮೇಲೆ ತಾವೇ ಎದ್ದು ಗೂಟದ ಮೇಲಿನ ವೀಣೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು, ವಾರಿಯವರು ಒಬ್ಬರನ್ನೊಬ್ಬರು ಕರೆಯುವ ಮಾತಿನಿಂದಲೇ ಕಾಕಾನನ್ನು ಕರೆದರು.

“ಮಾವುಲಿ, ನಮ್ಮ ಕಡಿಂದ ತಪ್ಪ ಆತು. ತಗೋರಿ. ನಾಡದು ನೀವ ಹಿಡಕೊಂಡ ನಡೀಬೇಕು.”

ನನ್ನ ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡೆ. ಮಾಲೀಕರ ಟ್ರ್ಯಾಕ್ಟರು ಹೋದರೆ ಹೋಗಲಿ ಅಂದುಕೊಂಡೆ.

ಕಾಕಾ ಎದ್ದು ನಿಂತರು. ವೀಣೆಗೆ ಕೈಮುಗಿದರು. ಕೈ ಮಾತ್ರ ಚಾಚಲಿಲ್ಲ.

“ಮಹಾರಾಜ್ರ, ಆವತ್ತ ಇದ ಬಾಗಲದಾಗ ನಿಂತಿದ್ದೆ. ಮಾಲಿ ಕೈಯಾಗ ಹಿಡದು ಹೇಳಿದೆ, ಕುಡದಿಲ್ಲ ಅಂತ. ಬಾಯಿ ಮೂಸಿ ನೋಡ್ರಿ ಅಂದೆ. ಒಬ್ಬೊಬ್ಬರ ಮುಂದ ಹೋಗಿ ಬಾಯಿ ತಗದು ನಿಂತೆ. ನನ್ನ ಜೋಡಿ ಮೂವತ್ತ ವರ್ಷ ನಡದವ್ರು ನೀವು. ಮಾರಿ ತಿರುವಿದ್ರಿ, ಒಬ್ಬರೂ ಹತ್ತರ ಬರಲಿಲ್ಲ. ಇವತ್ತ ಪೈಪ್ ಮೂಸಾಕ ಎಲ್ಲಾರೂ ಎದ್ದ ಬಂದ್ರಿ.”

ದನಿ ಏರಲಿಲ್ಲ. 

“ಯಾವದರ ಮಾತ ನಿಮಗ ಖರೆ ಅನಸ್ತೋ ಆ ಪೈಪಿಗೇ ಕೊಡ್ರಿ ವೀಣಾ” ಎಂದರು.

ಹೇಳಿ, ಚಪ್ಪಲಿ ಮೆಟ್ಟಿಕೊಂಡು ಘಾಟಿನ ಕಡೆ ಇಳಿದು ಹೋದರು. ಮಹಾರಾಜರ ಕೈಯಲ್ಲಿ ವೀಣೆ ಹಾಗೇ ಇತ್ತು. ನೆಲಕ್ಕೆ ಇಡುವಂತಿಲ್ಲ, ಇಸಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ನಾನು ಪೈಪು ಎತ್ತಿಕೊಂಡು ಕಾಕಾನ ಹಿಂದೆ ಓಡಿದೆ. ಕೂಗಿದೆ. ಅವರು ತಿರುಗಿ ನೋಡಲಿಲ್ಲ.